ದೊಡ್ಡಬೈರಪ್ಪನವರ ನಿದ್ದೆ ಪುಸ್ತಕ

ಚಾಮರಾಜಪೇಟೆ, ಬೆಂಗಳೂರು
೨೪ ಜೂನ್ ೨೦೨೪

ಡಾ. ಶಿವರಂಜಿನಿಯವರಿಗೆ, ಮೈಸೂರು.

ವಿಷಯ: ಕಿವಿಗೆ ಹಾಕುವ ಯಂತ್ರದಿಂದ ನಿದ್ದೆ ಬಾರದಿರುವ ಬಗ್ಗೆ ದೂರು.

ಮಾನ್ಯರೆ,

ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನುತ್ತದೆ. ಎರಡನ್ನೂ ಒತ್ತಿದೆ, ಸಂಗೀತ ಬಂತು. ನಿಮ್ಮ ಒಪ್ಪಿಗೆ ಪತ್ರದ ಕೊನೆಯ ಪುಟದಲ್ಲಿ ‘ದೂರುಗಳಿದ್ದರೆ ಲಿಖಿತವಾಗಿ ಈ ವಿಳಾಸಕ್ಕೆ’ ಎಂದಿದೆ. ಆ ಪುಟದವರೆಗೆ ಓದಿದವನು ನಾನೊಬ್ಬನೇ ಇರಬೇಕು.

ನಾನು ದೊಡ್ಡಬೈರಪ್ಪ, ವಯಸ್ಸು ಎಪ್ಪತ್ತಮೂರು. ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಿನಲ್ಲಿ ಒಂದು ಖಾಸಗಿ ಬಸ್ ಕಂಪನಿಗೆ ಮೂವತ್ತೊಂದು ವರ್ಷ ಟೈಂ ಕೀಪರ್ ಆಗಿದ್ದವನು. ಈ ತಿಂಗಳು ಎರಡನೇ ತಾರೀಕು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿಯಿತು. ಆರರಂದು ಬಸವನಗುಡಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮೂಳೆಯ ಕೆಲಸ ಚೆನ್ನಾಗಿಯೇ ಮಾಡಿದ್ದಾರೆ, ಅದಕ್ಕೆ ದೂರಿಲ್ಲ. ಆದರೆ ಅವತ್ತು ಹೋದ ನಿದ್ದೆ ವಾಪಸ್ ಬಂದಿಲ್ಲ.

ಎರಡು ದಿನ ಬಿಟ್ಟು ನಿಮ್ಮ ನರ್ಸು ಗಗನಾ ವಾರ್ಡಿಗೆ ಬಂದಳು. “ಅಂಕಲ್, ವಯಸ್ಸಾದವ್ರಿಗೆ ಆಪರೇಷನ್ ಆದ್ಮೇಲೆ ನಿದ್ದೆ ಕೆಡುತ್ತೆ. ಕಿವೀಲಿ ಒಂದು ನರ ಇದೆ, ಅದಕ್ಕೆ ಸಣ್ಣಗೆ ಕರೆಂಟ್ ಕೊಟ್ರೆ ನಿದ್ದೆ ಬರುತ್ತಾ ಅಂತ ನಮ್ ಮೇಡಂ ನೋಡ್ತಿದಾರೆ. ಸೇರ್ಕೊಳ್ತೀರಾ?” ಎಂದಳು. ಸೇರಿಕೊಂಡೆ. ದಿನಾ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಎಡಗಿವಿಗೆ ಕ್ಲಿಪ್ಪು. ಜೊತೆಗೊಂದು ಪುಸ್ತಕ. ಎಷ್ಟು ಹೊತ್ತಿಗೆ ನಿದ್ದೆ ಬಂತು, ಎಷ್ಟು ಹೊತ್ತಿಗೆ ಎದ್ದಿರಿ ಎಂದು ಬರೆಯಬೇಕು.

ಹದಿನಾರು ರಾತ್ರಿ ಕ್ಲಿಪ್ಪು ಹಾಕಿದ್ದೇನೆ. ಬೆಳಗಿನ ಜಾವ ಒಂದು ಗಂಟೆ ಕಣ್ಣು ಕೂರುತ್ತದೆ, ಅಷ್ಟೇ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ನಾನು ಹಾರ್ನುಗಳ ನಡುವೆ ಮರದ ಕುರ್ಚಿಯಲ್ಲಿ ಗೊರಕೆ ಹೊಡೆದವನು. ಈಗ ಮಗ ಹೊಸ ಹಾಸಿಗೆ ತಂದು ಹಾಕಿದ್ದಾನೆ, ನಿದ್ದೆ ಮಾತ್ರ ಇಲ್ಲ.

ಅರ್ಧ ಜನಕ್ಕೆ ಕರೆಂಟಿಲ್ಲದ ಸುಳ್ಳು ಯಂತ್ರ ಕೊಡುತ್ತೀರಿ ಎಂದು ಅದೇ ಪತ್ರದಲ್ಲಿದೆ. ನನ್ನದು ಯಾವುದು? ಸುಳ್ಳಾದರೆ ನಿಜದ್ದು ಕೊಡಿ. ನನಗೆ ಒಂದು ರಾತ್ರಿಯ ಪೂರ್ತಿ ನಿದ್ದೆ ಬೇಕು.

ಇಂತಿ,
ದೊಡ್ಡಬೈರಪ್ಪ

*

ಮೈಸೂರು
೨೯ ಜೂನ್ ೨೦೨೪

ಮಾನ್ಯ ದೊಡ್ಡಬೈರಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಈ ಅಧ್ಯಯನ ಶುರುವಾಗಿ ಎರಡು ವರ್ಷವಾಯಿತು, ಆ ವಿಳಾಸಕ್ಕೆ ಬಂದ ಮೊದಲ ಕಾಗದ ನಿಮ್ಮದೇ.

ನಿಮ್ಮ ಯಂತ್ರ ಯಾವುದೆಂದು ನನಗೂ ಗೊತ್ತಿಲ್ಲ, ಗಗನಾಗೂ ಗೊತ್ತಿಲ್ಲ. ಗೊತ್ತಿದ್ದರೆ ನಮಗೆ ಬೇಕಾದ ಹಾಗೆ ಫಲಿತಾಂಶ ಓದಿಕೊಳ್ಳುತ್ತೇವೆ ಎಂದು ಕಡೆಯವರೆಗೂ ಮುಚ್ಚಿಟ್ಟಿರುತ್ತಾರೆ. ಯಂತ್ರ ನಿಜದ್ದೇ ಆಗಿದ್ದರೂ ನಿದ್ದೆ ತರುತ್ತದೆ ಎಂಬ ಖಾತ್ರಿ ಇಲ್ಲ. ಇದೆಯೇ ಇಲ್ಲವೇ ಎಂದು ತಿಳಿಯಲೆಂದೇ ಈ ಪರೀಕ್ಷೆ.

ಆರು ವಾರದ ಕೊನೆಗೆ ಪುಸ್ತಕ ನೋಡುತ್ತೇವೆ. ಸುಧಾರಿಸದವರನ್ನು ನಿದ್ರಾ ತಜ್ಞರ ಹತ್ತಿರ ಕಳಿಸಿ ಬೇರೆ ಚಿಕಿತ್ಸೆ ಕೊಡಿಸುತ್ತೇವೆ. ಆದ್ದರಿಂದ ಪುಸ್ತಕವನ್ನು ಇದ್ದದ್ದು ಇದ್ದ ಹಾಗೆ ತುಂಬಿ. ಅದೊಂದೇ ನಮ್ಮ ಕಣ್ಣು.

ವಂದನೆಗಳೊಂದಿಗೆ,
ಶಿವರಂಜಿನಿ

*

ಚಾಮರಾಜಪೇಟೆ
೩ ಜುಲೈ ೨೦೨೪

ಡಾಕ್ಟರಮ್ಮನವರಿಗೆ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಬರೆದಿದ್ದೀರಿ. ಕೊಟ್ಟವರಿಗೂ ಗೊತ್ತಿಲ್ಲ, ತಂದವರಿಗೂ ಗೊತ್ತಿಲ್ಲ, ಹಾಕಿಕೊಂಡವನಿಗೂ ಗೊತ್ತಿಲ್ಲ. ಡ್ರೈವರಿಗೆ ರೂಟ್ ಗೊತ್ತಿಲ್ಲದ ಬಸ್ಸನ್ನು ನಾನು ಯಾವತ್ತೂ ಸ್ಟ್ಯಾಂಡಿನಿಂದ ಬಿಟ್ಟವನಲ್ಲ.

ನನಗೆ ಆತುರ ಯಾಕೆ ಎಂದು ಹೇಳುತ್ತೇನೆ. ನನ್ನ ಹೆಂಡತಿ ಮುನಿಯಕ್ಕನಿಗೆ ಎರಡು ವರ್ಷದಿಂದ ಮಂಡಿ ಸವೆದಿದೆ. ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಾಳೆ. ಅದೇ ಆಸ್ಪತ್ರೆಯವರು ಆಗಸ್ಟಿನಲ್ಲಿ ಆಪರೇಷನ್ ಮಾಡುತ್ತೇವೆ ಎಂದಿದ್ದಾರೆ. ಇನ್ನೂ ತಡ ಮಾಡಿದರೆ ಕಾಲು ಸೊಟ್ಟಗಾಗುತ್ತದಂತೆ. ಇವಳು ಮಾತ್ರ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಹಿಂದೆ ಇವಳ ಅಕ್ಕನಿಗೆ ಆಪರೇಷನ್ ಆಗಿ ಎಂಟು ದಿನ ನಿದ್ದೆ ಬರಲಿಲ್ಲ. ಗೋಡೆಯ ಮೇಲೆ ಮದುವೆ ದಿಬ್ಬಣ ಹೋಗುತ್ತಿದೆ ಎಂದಳು. ಹೆತ್ತ ಮಗನನ್ನೇ ಯಾರಪ್ಪಾ ನೀನು ಎಂದು ಕೇಳಿದಳು. ಆಮೇಲೆ ಮೊದಲಿನ ಹಾಗೆ ಆಗಲೇ ಇಲ್ಲ.

“ಮೊದ್ಲು ನೀವ್ ನೆಟ್ಗೆ ಮಲಗೋದು ನೋಡ್ತೀನಿ. ಆಮೇಲೆ ನಾನು ಹೋಯ್ತೀನಿ” ಎಂದು ಕೂತಿದ್ದಾಳೆ. ದಿನಾ ಬೆಳಗ್ಗೆ ನನ್ನ ಮುಖ ನೋಡುತ್ತಾಳೆ. ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತುಹಾಕಿರುವ ನಿಮ್ಮ ಪುಸ್ತಕವನ್ನು ತೆಗೆದು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ.

ಈಗ ಹೇಳಿ, ಯಂತ್ರ ಬದಲಾಯಿಸುತ್ತೀರೋ ಇಲ್ಲವೋ?

ದೊಡ್ಡಬೈರಪ್ಪ

*

ಮೈಸೂರು
೧೧ ಜುಲೈ ೨೦೨೪

ಮಾನ್ಯ ದೊಡ್ಡಬೈರಪ್ಪನವರಿಗೆ,

ಯಂತ್ರ ಬದಲಾಯಿಸುವಂತಿಲ್ಲ. ಬದಲಾಯಿಸುವ ಅಗತ್ಯವೂ ಕಾಣುತ್ತಿಲ್ಲ.

ನಿಮ್ಮ ಪತ್ರ ಓದಿ ಗಾಬರಿಯಾಗಿ ಗಗನಾಗೆ ಹೇಳಿ ಪುಸ್ತಕದ ಪುಟಗಳ ಫೋಟೋ ತರಿಸಿಕೊಂಡೆ. ಮೊದಲ ವಾರ ಒಂದು ಗಂಟೆ, ಒಂದೂವರೆ ಗಂಟೆ ಎಂದಿದೆ. ಎರಡನೇ ವಾರದಿಂದ ದಿನವೂ ರಾತ್ರಿ ಹತ್ತೂ ಕಾಲಿಗೆ ನಿದ್ದೆ, ಬೆಳಗ್ಗೆ ಐದಕ್ಕೆ ಎಚ್ಚರ! ನಿಮ್ಮದೇ ಕೈಬರಹ, ಒಂದು ಕಾಟಿಲ್ಲ ಒಂದು ಗೀಟಿಲ್ಲ.

ವಯಸ್ಸಾದವರಲ್ಲಿ ಒಂದು ತೊಂದರೆ ಇದೆ. ನಿದ್ದೆ ಬಂದಿರುತ್ತದೆ, ಆದರೆ ಎಚ್ಚರವಾಗಿಯೇ ಇದ್ದೆ ಎಂದು ಅನ್ನಿಸುತ್ತದೆ. ಆ ದಿನದ ದಣಿವಿನಲ್ಲಿ ಕಾಗದ ಬರೆದರೆ ಎಲ್ಲ ಕಪ್ಪಾಗಿಯೇ ಕಾಣುತ್ತದೆ. ಪುಸ್ತಕದ ಪ್ರಕಾರ ನೀವು ಚೆನ್ನಾಗಿ ಸುಧಾರಿಸಿದ್ದೀರಿ. ಸಂತೋಷಪಡಿ.

ಶಿವರಂಜಿನಿ

*

ಚಾಮರಾಜಪೇಟೆ
೧೫ ಜುಲೈ ೨೦೨೪

ಅಮ್ಮಾ,

ನನಗೆ ನಿದ್ದೆ ಬಂದದ್ದು ನನಗೇ ಗೊತ್ತಿಲ್ಲ, ಮೈಸೂರಿನಲ್ಲಿ ಕೂತ ನಿಮಗೆ ಗೊತ್ತು! ಪಕ್ಕದ ಬೀದಿಯ ಮಸೀದಿಯಲ್ಲಿ ಬೆಳಗಿನ ಆಜಾನ್ ಶುರುವಾಗುವ ಮೊದಲು ಮೈಕು ಎರಡು ಸಲ ಕರಕರ ಅನ್ನುತ್ತದೆ. ಹಾಲಿನವನ ಸ್ಕೂಟರು ಮೂರನೇ ಮನೆ ಮುಂದೆ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗುತ್ತದೆ. ನಿದ್ದೆ ಮಾಡಿದವನಿಗೆ ಇದೆಲ್ಲ ಗೊತ್ತಿರುತ್ತದೆಯೇ?

ಪುಸ್ತಕದ ವಿಷಯ ಬೇರೆ. ಅದನ್ನು ನಿಮಗೆ ತಿಳಿಸಿ ಹೇಳಬೇಕು. ನಮ್ಮ ಲೈನಿನಲ್ಲಿ ಲಾಗ್ ಶೀಟೇ ಬೇರೆ, ದೂರೇ ಬೇರೆ. ಕನಕಪುರದ ಬಸ್ಸು ಎಂಟೂ ಹತ್ತಕ್ಕೆ ಬರಬೇಕು, ಎಂಟೂ ನಲವತ್ತಕ್ಕೆ ಬಂತು ಅನ್ನಿ. ಇದ್ದದ್ದು ಇದ್ದ ಹಾಗೆ ಬರೆದರೆ ಡ್ರೈವರಿಗೆ ಮೆಮೊ. ತಪ್ಪು ಅವನದೇ? ದಾರಿಯಲ್ಲಿ ಲಾರಿ ಕೆಟ್ಟು ನಿಂತಿರುತ್ತದೆ. ಅದಕ್ಕೆ ಶೀಟಿನಲ್ಲಿ ಎಂಟೂ ಹತ್ತು ಎಂದೇ ಬರೆಯುತ್ತಿದ್ದೆ. ದಿನಾ ಲೇಟಾಗುತ್ತಿದ್ದರೆ ಮ್ಯಾನೇಜರಿಗೆ ಬೇರೆ ಕಾಗದ ಬರೆದು ನಿಜ ತಿಳಿಸುತ್ತಿದ್ದೆ. ಮ್ಯಾನೇಜರೂ ಶೀಟನ್ನು ಫೈಲಿಗೆ ಹಾಕಿ ಕಾಗದವನ್ನು ಓದುತ್ತಿದ್ದರು. ಮೂವತ್ತೊಂದು ವರ್ಷ ಹೀಗೇ ನಡೆಯಿತು, ಒಬ್ಬನ ಕೆಲಸವೂ ಹೋಗಲಿಲ್ಲ.

ನಿಮ್ಮ ಪುಸ್ತಕದಲ್ಲಿ ಮೊದಲ ವಾರ ನಿಜವನ್ನೇ ಬರೆದೆ. ಗಗನಾ ನೋಡಿ, “ಅಯ್ಯೋ ಅಂಕಲ್, ಇಷ್ಟೇನಾ? ಕ್ಲಿಪ್ ಸರಿಯಾಗ್ ಹಾಕೋದು ನಾನೇ ಹೇಳ್ಕೊಡ್ಲಿಲ್ವೇನೋ” ಎಂದು ಮುಖ ಸಣ್ಣಗೆ ಮಾಡಿದಳು. ಮತ್ತಿಕೆರೆಯಿಂದ ಎರಡು ಬಸ್ ಬದಲಾಯಿಸಿ ಬರುವ ಹುಡುಗಿ. ನನ್ನ ನಿದ್ದೆಗಾಗಿ ಅವಳಿಗೆ ಯಾಕೆ ಮೆಮೊ? ಅವತ್ತಿನಿಂದ ಶೆಡ್ಯೂಲ್ ಟೈಮ್ ಬರೆದೆ. ನಿಜವನ್ನು ನಿಮಗೆ ಕಾಗದದಲ್ಲಿ ಬರೆದೆ. ನೀವು ಕಾಗದವನ್ನು ಫೈಲಿಗೆ ಹಾಕಿ ಶೀಟನ್ನು ಓದುತ್ತಿದ್ದೀರಿ!

ದೊಡ್ಡಬೈರಪ್ಪ

*

ಮೈಸೂರು
೧೯ ಜುಲೈ ೨೦೨೪

ದೊಡ್ಡಬೈರಪ್ಪನವರೆ,

ನಿಮ್ಮ ಪತ್ರ ಓದಿ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟೇ ಬರೆಯುತ್ತಿದ್ದೇನೆ. ಗಗನಾಗೆ ಯಾರೂ ಮೆಮೊ ಕೊಡುವುದಿಲ್ಲ. ನಿಮಗೆ ನಿದ್ದೆ ಬಾರದಿದ್ದರೆ ಅದು ಅವಳ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಬರಲಿಲ್ಲ ಎಂಬುದೇ ನನಗೆ ಬೇಕಾದ ಉತ್ತರ.

ಆಪರೇಷನ್ ಚೆನ್ನಾಗಿ ಆಗಿಯೂ ನಿದ್ದೆಯಿಲ್ಲದೆ ಹಾಸಿಗೆ ಹಿಡಿದ ಹಿರಿಯರನ್ನು ನಾನು ವಾರ್ಡುಗಳಲ್ಲಿ ನೋಡಿದ್ದೇನೆ. ಮಾತ್ರೆ ಕೊಟ್ಟರೆ ಮಂಕಾಗುತ್ತಾರೆ, ಕೊಡದಿದ್ದರೆ ಕನವರಿಸುತ್ತಾರೆ. ಅದಕ್ಕಾಗಿಯೇ ಈ ಯಂತ್ರದ ಹಿಂದೆ ಬಿದ್ದೆ. ಒಬ್ಬರು ಕ್ಲಿಪ್ಪನ್ನೇ ಹಾಕುವುದಿಲ್ಲ, ಇನ್ನೊಬ್ಬರು ಪುಸ್ತಕವನ್ನು ಮೊಮ್ಮಗನ ಕೈಗೆ ಕೊಡುತ್ತಾರೆ, ನೀವು ಅದನ್ನು ಲಾಗ್ ಶೀಟ್ ಮಾಡಿದ್ದೀರಿ. ನನಗೂ ಸಾಕಾಗಿದೆ.

ಒಂದೇ ಸಾಲಿನ ಉತ್ತರ ಬೇಕು. ಪುಸ್ತಕ ನಿಜವೋ, ಕಾಗದ ನಿಜವೋ? ಪುಸ್ತಕ ಸುಳ್ಳಾದರೆ ಅದನ್ನು ಲೆಕ್ಕದಿಂದ ಹೊಡೆದುಹಾಕಿ, ಯಂತ್ರ ವಾಪಸ್ ತರಿಸಿ, ನಿಮ್ಮನ್ನು ತಜ್ಞರ ಹತ್ತಿರ ಕಳಿಸುತ್ತೇನೆ. ಮನೆಗೆ ಬಂದು ಎಲ್ಲರ ಎದುರಿಗೇ ಗಗನಾ ಕಾರಣ ಬರೆದುಕೊಳ್ಳುತ್ತಾಳೆ, ಅದು ನಿಯಮ.

ಶಿವರಂಜಿನಿ

*

ಚಾಮರಾಜಪೇಟೆ
೨೨ ಜುಲೈ ೨೦೨೪

ಡಾಕ್ಟರಮ್ಮನವರಿಗೆ,

ಪುಸ್ತಕವೇ ನಿಜ. ಕಾಗದಗಳನ್ನು ಹರಿದುಹಾಕಿ. ನೀವು ಹೇಳಿದ ಹಾಗೆ ವಯಸ್ಸಾದವನ ಭ್ರಮೆ ಇರಬೇಕು. ನಾಲ್ಕು ದಿನದಿಂದ ಒಳ್ಳೆಯ ನಿದ್ದೆ.

ಒಂದು ಉಪಕಾರ ಮಾಡಿ. ಮುನಿಯಕ್ಕನಿಗೆ ಆಗಸ್ಟ್ ಹದಿನಾಲ್ಕಕ್ಕೆ ಆಪರೇಷನ್ ಗೊತ್ತು ಮಾಡಿದ್ದಾರೆ. ನಿಮ್ಮ ಕೈಯಿಂದ ಅವಳಿಗೆ ಎರಡು ಸಾಲು ಧೈರ್ಯ ಬರೆದು ಕಳಿಸಿ. ದಪ್ಪ ಅಕ್ಷರದಲ್ಲಿ ಬರೆಯಿರಿ.

ದೊಡ್ಡಬೈರಪ್ಪ

*

ಮೈಸೂರು
೨೭ ಜುಲೈ ೨೦೨೪

ಮಾನ್ಯ ದೊಡ್ಡಬೈರಪ್ಪನವರಿಗೆ,

ನಿಮ್ಮ ಉತ್ತರ ನೋಡಿ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಕಳೆದ ಪತ್ರದಲ್ಲಿ ಖಾರವಾಗಿ ಬರೆದಿದ್ದರೆ ಕ್ಷಮಿಸಿ. ನಿಮ್ಮ ಆರು ವಾರ ಮುಗಿದಿದೆ, ಯಂತ್ರವನ್ನು ಗಗನಾಗೆ ಕೊಟ್ಟುಬಿಡಿ. ತಜ್ಞರನ್ನು ನೋಡುವ ಅಗತ್ಯವಿಲ್ಲ. ಮುನಿಯಕ್ಕನವರಿಗೆ ಬರೆದ ಚೀಟಿ ಜೊತೆಯಲ್ಲಿದೆ.

ಶಿವರಂಜಿನಿ

(ಚೀಟಿ)
ಮುನಿಯಕ್ಕನವರಿಗೆ ನಮಸ್ಕಾರ. ನಿಮ್ಮ ಯಜಮಾನರು ಈಗ ರಾತ್ರಿ ಆರೂಮುಕ್ಕಾಲು ಗಂಟೆ ನಿದ್ದೆ ಮಾಡುತ್ತಿದ್ದಾರೆ. ಹೆದರಬೇಡಿ. ಧೈರ್ಯವಾಗಿ ಆಪರೇಷನ್ ಮಾಡಿಸಿಕೊಳ್ಳಿ.

*

ಚಾಮರಾಜಪೇಟೆ
೨ ಸೆಪ್ಟೆಂಬರ್ ೨೦೨೪

ಅಮ್ಮಾ,

ಮುನಿಯಕ್ಕನ ಆಪರೇಷನ್ ಆಗಿ ಹತ್ತೊಂಬತ್ತು ದಿನವಾಯಿತು. ನಿಮ್ಮ ಚೀಟಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಹೋದಳು. ಮಂಡಿ ಮಡಚಲು ಬರುತ್ತಿದೆ. ನಿದ್ದೆ ಬರುತ್ತಿಲ್ಲ.

ಅವಳನ್ನೂ ನಿಮ್ಮ ಪರೀಕ್ಷೆಗೆ ಸೇರಿಸಿಕೊಂಡಿದ್ದಾರೆ. ಅವಳ ಕಿವಿಗೂ ಕ್ಲಿಪ್ಪು, ಅವಳಿಗೂ ಪುಸ್ತಕ. ಅವಳಿಗೆ ಬರೆಯಲು ಬಾರದು, ನಾನು ಬರೆಯಬೇಕು. “ಮಲಗ್ದೆ ಅಂತ್ಲೇ ಬರೀರಿ. ಆ ಡಾಕ್ಟ್ರಮ್ಮ ಅಷ್ಟ್ ಪ್ರೀತಿಯಿಂದ ಚೀಟಿ ಕಳ್ಸವ್ರೆ, ಬೇಜಾರ್ ಮಾಡ್ಕೋತಾರೆ” ಅನ್ನುತ್ತಾಳೆ. ನಾನು ಹಾಗೆಯೇ ಬರೆದಿದ್ದೇನೆ. ಪೆನ್ನು ಹಿಡಿದರೆ ಕೈ ತಾನಾಗಿಯೇ ಹತ್ತೂ ಕಾಲು ಎಂದು ಬರೆಯುತ್ತದೆ.

ಮೊನ್ನೆ ನನ್ನ ಕೈ ಹಿಡಿದು ಕೇಳಿದಳು. “ಇದೇ ಮಿಷನ್ನಲ್ಲಿ ನೀವ್ ಅಷ್ಟ್ ಚೆನ್ನಾಗ್ ಮಲಗುದ್ರಲ್ಲ. ನಂಗ್ಯಾಕೆ ಬರ್ತಿಲ್ಲ? ನಾನೇನ್ ತಪ್ ಮಾಡ್ದೆ?” ನಿನ್ನೆ ಸಂಜೆ ಗೋಡೆ ನೋಡುತ್ತಾ, ಅಕ್ಕ ಬಂದವಳೆ, ಕುರ್ಚಿ ಹಾಕಿ ಎಂದಳು. ಅವಳ ಅಕ್ಕ ಸತ್ತು ಆರು ವರ್ಷವಾಯಿತು.

ಇನ್ನು ಮುಚ್ಚಿಟ್ಟು ಏನು ಪ್ರಯೋಜನ. ಪುಸ್ತಕ ಸುಳ್ಳು, ಕಾಗದ ನಿಜ. ಗಗನಾಳ ಮೆಮೊ ಅರ್ಧ ಕಾರಣ. ಮುನಿಯಕ್ಕ ಓದಲಿ ಎಂದೇ ಆರೂಮುಕ್ಕಾಲು ಗಂಟೆ ಬರೆದೆ. ರಾತ್ರಿಯಿಡೀ ಮಗ್ಗುಲು ಬದಲಿಸದೆ, ಕಣ್ಣು ಮುಚ್ಚಿ, ಉಸಿರು ಎಳೆದು ಬಿಟ್ಟು ಅವಳ ಪಕ್ಕದಲ್ಲಿ ಸುಳ್ಳು ನಿದ್ದೆ ಮಾಡಿದೆ. ಮೆಲ್ಲಗೆ ಗೊರಕೆಯನ್ನೂ ಹೊಡೆದಿದ್ದೇನೆ. ಅವಳ ಕಾಲು ನೆಟ್ಟಗಾಗಲಿ ಎಂದು ಮಾಡಿದೆ. ಗಗನಾ ಮನೆಗೆ ಬಂದು ಅವಳೆದುರಿಗೆ ಕಾರಣ ಕೇಳುತ್ತಾಳೆ ಎಂದು ನೀವು ಬರೆದಾಗ ಹೆದರಿ ಮಾತು ತಿರುಗಿಸಿದೆ.

ನನ್ನದು ತಪ್ಪು. ನಿಮ್ಮದೂ ಇದೆ. ನನ್ನ ಮೂರು ಕಾಗದ ನಿಮ್ಮ ಕೈಯಲ್ಲಿತ್ತು. ಒಂದರಲ್ಲಿ ಪುಸ್ತಕ ಸುಳ್ಳೆಂದು ಬಿಡಿಸಿ ಬಿಡಿಸಿ ಬರೆದಿದ್ದೆ. ನಾಲ್ಕು ಸಾಲಿನ ಸುಳ್ಳು ಬಂದ ಕೂಡಲೇ ಅಷ್ಟನ್ನೂ ಬಿಟ್ಟು ಅದನ್ನೇ ಹಿಡಿದಿರಿ. ಚೀಟಿಯನ್ನೂ ಬರೆದಿರಿ.

ಈಗ ಅವಳನ್ನು ಏನು ಮಾಡಲಿ?

ದೊಡ್ಡಬೈರಪ್ಪ

*

ಮೈಸೂರು
೪ ಸೆಪ್ಟೆಂಬರ್ ೨೦೨೪

ದೊಡ್ಡಬೈರಪ್ಪನವರೆ,

ಇದನ್ನು ಗಗನಾ ಕೈಯಲ್ಲೇ ಕಳಿಸುತ್ತಿದ್ದೇನೆ. ಇದು ನಿಮ್ಮ ಕೈಸೇರಿದ ಕೂಡಲೇ ಮುನಿಯಕ್ಕನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿಯ ಡಾ. ಮನೋಹರ್ ಕಾಯುತ್ತಿರುತ್ತಾರೆ, ನಾನು ಮಾತಾಡಿದ್ದೇನೆ. ಆಪರೇಷನ್ ಆದ ಹಿರಿಯರಿಗೆ ಇಲ್ಲದ್ದು ಕಾಣತೊಡಗಿದರೆ ಒಂದು ದಿನವೂ ತಡ ಮಾಡಬಾರದು. ನೋವಿನ ಮಾತ್ರೆಯಿಂದ ಆಗಿರಬಹುದು, ಸೋಂಕಿರಬಹುದು, ಹೆಚ್ಚಿನ ಸಲ ಸರಿಹೋಗುತ್ತದೆ. ಅಕ್ಕನಿಗೆ ಆದದ್ದೇ ತಂಗಿಗೂ ಆಗಬೇಕೆಂದಿಲ್ಲ. ಕ್ಲಿಪ್ಪನ್ನು ತೆಗೆದಿಡಿ. ಪರೀಕ್ಷೆ ಹಾಳಾದರೆ ಹಾಳಾಗಲಿ.

ನೀವು ಬರೆದದ್ದು ಸರಿ. ನಿಮ್ಮ ಜುಲೈ ಹದಿನೈದರ ಕಾಗದ ಈಗಲೂ ನನ್ನ ಮೇಜಿನ ಮೇಲಿದೆ. ಅದು ನಿಜವೆಂದು ಓದಿದಾಗಲೇ ಗೊತ್ತಾಗಿತ್ತು. ಆದರೆ ಎರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ಸುಧಾರಿಸಿದ ಪುಸ್ತಕ ಇನ್ನೊಂದು ಬಂದಿರಲಿಲ್ಲ. ಅದು ನಿಜವಾಗಿರಲಿ ಎಂದು ಆಸೆಪಟ್ಟೆ. ಇಲ್ಲಿಯ ಮೀಟಿಂಗಿನಲ್ಲಿ ನಿಮ್ಮ ಪುಟಗಳನ್ನು ಪರದೆಯ ಮೇಲೆ ಹಾಕಿ ತೋರಿಸಿಯೂ ಇದ್ದೆ. ನೀವು ‘ಪುಸ್ತಕವೇ ನಿಜ’ ಎಂದ ಕೂಡಲೇ ಇನ್ನೊಂದು ಪ್ರಶ್ನೆ ಕೇಳದೆ ನಂಬಿದೆ. ನನಗೆ ಬೇಕಾದ ಹಾಗೆ ಓದಿಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಿಮ್ಮಿಬ್ಬರ ಪುಸ್ತಕವನ್ನೂ ಹೊಡೆದುಹಾಕಿ, ಮೇಲಿನವರಿಗೆ ಕಾರಣ ಬರೆದಿದ್ದೇನೆ. ನನ್ನ ತಪ್ಪನ್ನೂ ಬರೆದಿದ್ದೇನೆ.

ಯಂತ್ರದಿಂದ ನಿದ್ದೆ ಬರುತ್ತದೆಯೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮುನಿಯಕ್ಕನವರಿಗೆ ನಿಜ ಹೇಳಿ. ತನ್ನದೇ ತಪ್ಪು ಎಂದುಕೊಂಡು ಅವರು ಒಂದು ದಿನವೂ ಇರಬಾರದು. ಅದನ್ನು ನಾನು ಚೀಟಿಯಲ್ಲಿ ಬರೆಯಲಾರೆ, ನೀವೇ ಹೇಳಬೇಕು.

ಶಿವರಂಜಿನಿ

*

ಚಾಮರಾಜಪೇಟೆ
೧೪ ಸೆಪ್ಟೆಂಬರ್ ೨೦೨೪

ಅಮ್ಮಾ,

ಮನೋಹರ್ ಡಾಕ್ಟರು ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿ ಒಂದು ನೋವಿನ ಮಾತ್ರೆ ನಿಲ್ಲಿಸಿದರು. ನಾಲ್ಕನೇ ದಿನಕ್ಕೆ ಅವಳ ಅಕ್ಕ ಕುರ್ಚಿಯಿಂದ ಎದ್ದು ಹೋದಳು. ಈಗ ಮುನಿಯಕ್ಕ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾಳೆ. ಸಾರಿಗೆ ಉಪ್ಪು ಜಾಸ್ತಿ ಎಂದು ಸೊಸೆ ಸೌಂದರ್ಯಾಳ ಮೇಲೆ ರೇಗಿದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು, ಆದರೆ ಸೊಂಟ ಬಿಡಬೇಕಲ್ಲ. ನಿದ್ದೆ ಮಾತ್ರ ಇನ್ನೂ ಎರಡು ಗಂಟೆಯ ಮೇಲೆ ಹೋಗಿಲ್ಲ. ನಮ್ಮಿಬ್ಬರಿಗೂ ಮುಂದಿನ ವಾರ ನಿದ್ರಾ ತಜ್ಞರ ಹತ್ತಿರ ಬರಲು ಹೇಳಿದ್ದಾರೆ.

ನಿಜ ಹೇಳಲು ನನಗೆ ಎಂಟು ದಿನ ಹಿಡಿಯಿತು. ಬೆಳಗ್ಗೆ ಹೇಳೋಣ ಎಂದರೆ ಮಗ ಇರುತ್ತಾನೆ, ಸಂಜೆ ಹೇಳೋಣ ಎಂದರೆ ಯಾರೋ ನೋಡಲು ಬರುತ್ತಾರೆ. ಹೇಳದಿರಲು ಕಾರಣಕ್ಕೆ ಬರವೇ. ಮೊನ್ನೆ ರಾತ್ರಿ ಅವಳೇ ಆ ಕಡೆಯ ಮಂಚದಿಂದ ಕೂಗಿದಳು.

“ಎದ್ದಿದೀರಾ?”

ರೂಢಿಯಂತೆ ಕಣ್ಣು ಮುಚ್ಚಿ ಉಸಿರು ಎಳೆದೆ. ಗೊರಕೆ ಶುರು ಮಾಡುವುದರಲ್ಲಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

“ಎದ್ದಿದೀನಿ” ಎಂದೆ.

“ಯಾವಾಗಿಂದ?”

“ಜೂನ್ ಆರರಿಂದ.”

ಆಮೇಲೆ ಎಲ್ಲವನ್ನೂ ಹೇಳಿದೆ. ಪುಸ್ತಕ, ನಿಮ್ಮ ಚೀಟಿ, ಗೊರಕೆ, ಒಂದನ್ನೂ ಬಿಡಲಿಲ್ಲ.

“ನೀವ್ ಮಲಗುದ್ರಿ ಅಂತ ನಂಬ್ಕೊಂಡು ತಾನೇ ನಾನ್ ಹೋಗಿ ಆ ಟೇಬಲ್ ಮೇಲ್ ಮಲಗಿದ್ದು” ಎಂದಳು. ಅತ್ತಳು. ನಾನೂ ಅತ್ತೆ. ಅದಾದ ಮೇಲೆ ಬೈಯಲು ಶುರು ಮಾಡಿದಳು ನೋಡಿ, ನನ್ನನ್ನು, ನಿಮ್ಮನ್ನು, ಬಸ್ ಕಂಪನಿಯನ್ನು, ನನಗೆ ಅಕ್ಷರ ಕಲಿಸಿದ ಮೇಷ್ಟ್ರನ್ನು, ಒಬ್ಬರನ್ನೂ ಬಿಡಲಿಲ್ಲ. ನಡುವೆ ನೀರು ಕೇಳಿದಳು, ಕೋಲು ಊರಿಕೊಂಡು ಹೋಗಿ ತಂದು ಕೊಟ್ಟೆ. ಕುಡಿದು ಮತ್ತೆ ಬೈದಳು. ಬೆಳಕು ಹರಿಯಿತು.

ಪುಸ್ತಕಗಳನ್ನು ಹೊಡೆದುಹಾಕಿದ್ದೀರಿ ಎಂದು ಗೊತ್ತು. ಆದರೂ ಬೆಳಗ್ಗೆ ಅವಳು ತನ್ನ ಪುಸ್ತಕ ತರಿಸಿ, ಪಕ್ಕದಲ್ಲಿ ಕೂತು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ನನ್ನ ಕೈಯಲ್ಲಿ ಬರೆಸಿದಳು. ಆ ಪುಟವನ್ನು ಹರಿದು ಇದರ ಜೊತೆ ಇಟ್ಟಿದ್ದೇನೆ.

ದೊಡ್ಡಬೈರಪ್ಪ

(ಪುಟ)
ತಾರೀಕು: ೧೨ ಸೆಪ್ಟೆಂಬರ್
ನಿದ್ದೆ ಬಂದ ಹೊತ್ತು: ಬರಲಿಲ್ಲ. ಇಬ್ಬರಿಗೂ.